ಹಂಸಳ ರಕ್ತ ಹೋದ ದಾರಿ

"ಮಗಳ ರಿಪೋರ್ಟ್ ಇಸ್ಕೊಂಡು ಹೋಗೋಣ ಅಂತ ಬಂದೆ," ಎನ್ನುತ್ತಾ ಆ ಹೆಂಗಸು ಮಡಿಸಿದ ಚೀಟಿಯೊಂದನ್ನು ಕೌಂಟರಿನ ಮೇಲಿಟ್ಟರು.

ದೇವರಾಜ್ ಚೀಟಿ ಬಿಡಿಸಿದ. ಹಂಸ, ಇಪ್ಪತ್ತಮೂರು ವರ್ಷ, ಹೊಳೆನರಸೀಪುರ. ತಾರೀಕು ೯-೧೧-೯೯. ಅಕ್ಷರ ಅವನದೇ. ದೀಪಾವಳಿ ಮುಗಿದ ಮಾರನೆಯ ದಿನ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದ ತೆಳ್ಳನೆಯ ಹುಡುಗಿ ಅವನಿಗೆ ತಟ್ಟನೆ ನೆನಪಾದಳು. ಸಂತೇಪೇಟೆಯ ಆ ಸಣ್ಣ ಲ್ಯಾಬಿನ ಬೆಂಚಿನ ಮೇಲೆ ಗೋಡೆಗೆ ತಲೆ ಆನಿಸಿ ಕೂತಿದ್ದಳು.

"ಹೌದಮ್ಮ, ಒಂದು ತಿಂಗಳಿಂದ ಇಲ್ಲೇ ಬಿದ್ದಿದೆ. ಅವರೇ ಬರಬಹುದಿತ್ತಲ್ಲ. ಹೇಗಿದಾರೆ ಈಗ?"

"ಮೊನ್ನೆ ವೈಕುಂಠ ಸಮಾರಾಧನೆ ಮುಗೀತಪ್ಪ," ಎಂದರು ಆಕೆ. "ಅವಳ ಪೆಟ್ಟಿಗೆ ಬಿಚ್ಚಿದಾಗ ಸೀರೆ ಮಡಿಕೆ ಒಳಗೆ ಈ ಚೀಟಿ ಸಿಕ್ತು."

ದೇವರಾಜನ ಕೈ ಚೀಟಿಯ ಮೇಲೆಯೇ ನಿಂತಿತು. ಒಳಗಡೆ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ ಡಾಕ್ಟರ್ ವೇದವತಿಯವರ ಕುರ್ಚಿ ಸದ್ದು ಮಾಡಿತು.

ವೇದವತಿಯವರಿಗೆ ಆಗ ಐವತ್ತೆಂಟು. ಹಾಸನದ ಜನ ಅವರನ್ನು ರಕ್ತದ ಡಾಕ್ಟರಮ್ಮ ಎನ್ನುತ್ತಿದ್ದರು. ಜಿಲ್ಲೆಯ ಪೊಲೀಸರು ಮಾತ್ರ, ಯಾರ ಸಾವಾದರೂ ಲೆಕ್ಕಕ್ಕೆ ಸಿಗದೆ ಹೋದಾಗ, ಹಿಂದಿನ ಬಾಗಿಲಿನಿಂದ ಬಂದು ಅವರ ಮುಂದೆ ಕೂರುತ್ತಿದ್ದರು. ಹನ್ನೆರಡು ವರ್ಷದಿಂದ ಅವರ ಜೊತೆಗಿದ್ದ ಕೊರವಂಗಲದ ದೇವರಾಜ್ ಅಂಥ ಏಳೆಂಟು ಪ್ರಕರಣ ನೋಡಿದ್ದ. ಆದರೆ ಯಾವುದರಲ್ಲೂ ಅವನ ಪಾಲಿನ ತಪ್ಪಿರಲಿಲ್ಲ.

ಬಂದವರ ಹೆಸರು ನಾಗಲಕ್ಷಮ್ಮ. ರಾಮನಾಥಪುರದವರು. ಗಂಡ ಮದುವೆ ಮನೆಗಳಲ್ಲಿ ಅಡಿಗೆ ಮಾಡುತ್ತಿದ್ದರು. ಇದ್ದೊಬ್ಬ ಮಗಳನ್ನು ಹೋದ ವರ್ಷ ಮೇ ತಿಂಗಳಲ್ಲಿ ಹೊಳೆನರಸೀಪುರದ ಮುರಳೀಕೃಷ್ಣನಿಗೆ ಕೊಟ್ಟಿದ್ದರು. ಅವನಿಗದು ಎರಡನೇ ಮದುವೆ. ಮೊದಲ ಹೆಂಡತಿ, ಅವನ ಸೋದರತ್ತೆಯ ಮಗಳು, ಜ್ವರದಲ್ಲಿ ತೀರಿಕೊಂಡಿದ್ದಳು. ಏಳು ವರ್ಷದ ಹೆಣ್ಣುಮಗುವಿತ್ತು.

"ವರದಕ್ಷಿಣೆ ಬೇಡ ಅಂದ್ರು. ಮದುವೆ ಖರ್ಚೂ ಅವರದ್ದೇ. ಜಾತಕದ ಜೊತೆ ಒಂದು ರಕ್ತದ ಪರೀಕ್ಷೆ ಮಾತ್ರ ಕೇಳಿದ್ರು. ಇಲ್ಲೇ ಮಾಡಿಸಿದ್ವಿ," ಎಂದರು ನಾಗಲಕ್ಷಮ್ಮ. "ಡಿಸೆಂಬರ್ ಎರಡನೇ ತಾರೀಕು ರಾತ್ರಿ ಮಲಗಿದವಳು ಏಳಲಿಲ್ಲವಂತೆ. ಪಕ್ಕದ ಬೀದಿ ಕಾಂಪೌಂಡರ್ ಗೌರೀಶಂಕರ ತಪ್ಪು ಇಂಜೆಕ್ಷನ್ ಕೊಟ್ಟ ಅಂತ ಬೀಗರು ದೂರು ಕೊಟ್ಟರು. ಅವನನ್ನ ಒಳಗೆ ಹಾಕಿದಾರೆ. ಆದ್ರೆ ನನ್ನ ಮಗಳು ಒಂದೂವರೆ ವರ್ಷದಿಂದ ಒಣಗ್ತಾ ಬಂದಳು ಡಾಕ್ಟ್ರೇ. ಒಂದು ಇಂಜೆಕ್ಷನ್ನಿಗೆ ಸತ್ತವಳಲ್ಲ ಅವಳು."

ವೇದವತಿಯವರು ವರದಿ ತೆಗೆದು ಓದಿದರು. ಓದುತ್ತಾ ಓದುತ್ತಾ ಅವರ ಮುಖ ಬಿಗಿಯಿತು.

"ದೇವರಾಜ್, ಹಿಮೋಗ್ಲೋಬಿನ್ ಆರೂ ಮುಕ್ಕಾಲು. ಇದನ್ನ ನನಗೆ ಯಾಕೆ ತೋರಿಸಲಿಲ್ಲ?"

"ನೀವು ಆ ವಾರ ಕಣ್ಣಿನ ಆಪರೇಷನ್‌ಗೆ ಮೈಸೂರಲ್ಲಿದ್ರಿ ಮೇಡಂ. ಏಳಕ್ಕಿಂತ ಕಮ್ಮಿ ಇದ್ರೆ ಏನೇನು ಮಾಡ್ಬೇಕು ಅಂತ ಹೇಳಿದ್ರೋ ಅಷ್ಟೂ ಮಾಡಿ ಇಟ್ಟೆ. ಅವರು ಬಂದು ಕೇಳ್ಲಿಲ್ಲ. ಆಮೇಲೆ..."

"ಅವಳು ಏನಾದರೂ ಕೇಳಿದಳಾ?"

ಕೇಳಿದ್ದಳು. ಸೂಜಿ ಚುಚ್ಚುವಾಗ ಎಡಗೈ ಬೇಡ, ಬಲಗೈ ತಗೊಳ್ಳಿ ಎಂದಿದ್ದಳು. ಹತ್ತಿ ಒತ್ತಿ ಹಿಡಿದುಕೊಂಡು, "ಅಣ್ಣ, ರಕ್ತ ಕಮ್ಮಿ ಇದ್ರೆ ಹೊಟ್ಟೇಲಿರೋ ಮಗೂಗೆ ತೊಂದ್ರೆ ಆಗತ್ತಾ?" ಎಂದು ಮೆಲ್ಲಗೆ ಕೇಳಿದ್ದಳು. ಹಿಂದೆ ಹತ್ತು ಜನ ಕಾಯುತ್ತಿದ್ದರು. "ಸೊಪ್ಪು, ಬೆಲ್ಲ ಚೆನ್ನಾಗಿ ತಿನ್ನಿ, ಎಲ್ಲಾ ಸರಿಹೋಗ್ತದೆ," ಎಂದು ಅವನು ಮುಂದಿನವರನ್ನು ಕರೆದಿದ್ದ. ಅದನ್ನು ಈಗ ಆ ತಾಯಿಯ ಮುಂದೆ ಹೇಳಿದ. ನಾಗಲಕ್ಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಗಳು ಬಸುರಿ ಎಂಬುದು ಅವರಿಗೆ ಗೊತ್ತಾದದ್ದೇ ಆಗ.

ವೇದವತಿಯವರು ಫೋನೆತ್ತಿ ಹೊಳೆನರಸೀಪುರದ ಇನ್ಸ್‌ಪೆಕ್ಟರ್ ತಿಮ್ಮಪ್ಪನವರನ್ನು ಕರೆದರು.

ಮರಣೋತ್ತರ ಪರೀಕ್ಷೆಯ ವರದಿ ಹಿಡಿದು ತಿಮ್ಮಪ್ಪ ಸಂಜೆಗೇ ಬಂದರು. ದಪ್ಪ ಮೀಸೆಯ, ನಿಧಾನದ ಮನುಷ್ಯ. ದೇಹ ಸುಣ್ಣದಂತೆ ಬಿಳಿಚಿತ್ತು. ಮೂರು ತಿಂಗಳ ಗರ್ಭ. ಹೊಟ್ಟೆ, ಕರುಳಿನಲ್ಲಿ ಹುಣ್ಣಿಲ್ಲ, ರಕ್ತಸ್ರಾವವಿಲ್ಲ. ಹಳೆಯ ರಕ್ತಕಣ ಒಡೆಯುವ ಗುಲ್ಮ ದೊಡ್ಡದಾಗಿಲ್ಲ. ಎಡ ಮೊಣಕೈಯ ಒಳಮಗ್ಗುಲಲ್ಲಿ ಒಂದರ ಪಕ್ಕ ಒಂದು ಗಟ್ಟಿಯಾದ ಹಳೆಯ ಗುರುತುಗಳು, ಜೊತೆಗೆ ಒಂದು ಹೊಸದು. ಎರಡೂ ಮುಂಗೈ ಮೇಲೆ ಸಣ್ಣ ಸೂಜಿಯ ಗುರುತು.

"ಆ ಕಾಂಪೌಂಡರ್ ಡ್ರಿಪ್ ಹಾಕಿದ್ದು ಒಪ್ಕೊಂಡವ್ನೆ ಮೇಡಮ್ಮೋರೆ. ಎರಡು ಸಲ ಗ್ಲೂಕೋಸ್ ಕೊಟ್ಟನಂತೆ. ಇನ್ನೇನ್ ಬೇಕು?"

"ಡ್ರಿಪ್ ಕೊಟ್ಟರೆ ಮೈಗೆ ನೀರು ಹೋಗುತ್ತೆ ತಿಮ್ಮಪ್ಪನೋರೆ. ರಕ್ತ ಹೋಗಲ್ಲ," ಎಂದರು ವೇದವತಿ. "ನಾಳೆ ಆ ಮನೆಗೆ ಹೋಗೋಣ. ದೇವರಾಜ್, ಸಿರಿಂಜು, ಬಾಟಲಿ ಇಟ್ಕೊ."

ಹೊಳೆನರಸೀಪುರದ ಮನೆ ಕೋಟೆ ಬೀದಿಯಲ್ಲಿತ್ತು. ಅವರು ಹೋದಾಗ ಮಾವ ಸಂಪತ್ಕುಮಾರರು ಅಂಗಳದಲ್ಲಿದ್ದರು. ಪಶುಪಾಲನಾ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇದ್ದು ನಿವೃತ್ತರಾದವರು. ಯಾರೋ ರೈತ ಕರುವೊಂದನ್ನು ಹೊಡೆದುಕೊಂಡು ಬಂದಿದ್ದ. ಸಂಪತ್ಕುಮಾರರು ಕರುವಿನ ಕುತ್ತಿಗೆ ಸವರಿದರು, ಏನೋ ಗುನುಗಿದರು, ಸೂಜಿ ಹಾಕಿ ತೆಗೆದರು. ಕರು ಬಾಯಲ್ಲಿದ್ದ ಹುಲ್ಲನ್ನು ಅಗಿಯುವುದನ್ನೂ ನಿಲ್ಲಿಸಲಿಲ್ಲ.

"ಸೊಸೆ ಅಲ್ಲ ತಾಯಿ, ಮಗಳು," ಎಂದರು ಅವರು ಕೈ ತೊಳೆದು ಬಂದು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನಾನೇ ಎದುರು ಕೂತು ಕಬ್ಬಿಣದ ಗುಳಿಗೆ ನುಂಗಿಸ್ತಿದ್ದೆ. ಆದರೂ ಉಳಿಸಿಕೊಳ್ಳೋಕೆ ಆಗಲಿಲ್ಲ. ಜನವರೀಲಿ ಚನ್ನರಾಯಪಟ್ಟಣದಲ್ಲಿ ನನ್ನ ತಂಗಿ ಮನೆ ಮದುವೇಲಿ ತಲೆ ಸುತ್ತಿ ಬಿದ್ದಾಗ ಅಲ್ಲೇ ಪರೀಕ್ಷೆ ಮಾಡಿಸಿದ್ವಿ. ನೋಡಿ." ಒಂದು ಹಾಳೆ ತಂದುಕೊಟ್ಟರು. ಹಿಮೋಗ್ಲೋಬಿನ್ ಎಂಟು ಪಾಯಿಂಟ್ ನಾಲ್ಕು. ಕೆಳಗೆ ಯಾರೋ ಕಬ್ಬಿಣದ ಕೊರತೆ ಇರಬಹುದು ಎಂದು ಬರೆದಿದ್ದರು.

ಬಾಗಿಲ ಹಿಂದಿನಿಂದ ಒಂದು ಮಗು ಇಣುಕಿತು. ಸಂಹಿತಾ. ಹಣೆ ಉಬ್ಬಿತ್ತು, ಕೆನ್ನೆಯ ಮೂಳೆ ಎದ್ದಿತ್ತು, ಲಂಗದ ಮೇಲೆ ಹೊಟ್ಟೆ ಮುಂದೆ ಬಂದಿತ್ತು. ವೇದವತಿಯವರು ಹತ್ತಿರ ಕರೆದು ಕೆಳರೆಪ್ಪೆ ಎಳೆದು ನೋಡಿದರು. "ಜಂತುಹುಳ," ಎಂದರು ಸಂಪತ್ಕುಮಾರರು ಬೇಗನೆ. ಮಗುವನ್ನು ಒಳಗೆ ಕಳಿಸಿದರು.

ಪಡಸಾಲೆಯ ಮೂಲೆಯಲ್ಲಿ ಚಿಕ್ಕ ಫ್ರಿಜ್ಜು. ಅದರ ಬಾಗಿಲಿಗೆ ಕೊಂಡಿ ಹಾಕಿ ಬೀಗ ಜಡಿದಿದ್ದರು.

"ದನದ ಲಸಿಕೆ. ಮಗು ಮುಟ್ಟಬಾರದಲ್ಲ," ಎಂದರು ಅವರು. ಬೀಗದ ಕೈ ಜನಿವಾರಕ್ಕೆ ಕಟ್ಟಿತ್ತು.

ಮನೆಗೆಲಸದ ಸುಬ್ಬಮ್ಮ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅವಳ ಪಕ್ಕ ಕೂತು ಮಾತಿಗೆಳೆಯುವ ಕೆಲಸ ದೇವರಾಜನದು.

"ಅಂತಾ ಮಾವ ಯಾರ್ಗ್ ಸಿಕ್ತಾನೆ ಏಳು," ಎಂದಳು ಸುಬ್ಬಮ್ಮ. "ಖರ್ಜೂರ, ಸೊಪ್ಪು, ಗುಳಿಗೆ, ಯಾವ್ದುಕ್ಕೂ ಕಮ್ಮಿ ಇರ್ನಿಲ್ಲ ಕಣಪ್ಪ. ಆದ್ರೆ ಆ ಮಗೀಗೂ ಹಂಸಮ್ಮುಂಗೂ ಜಾತ್ಕ ಕೂಡ್ಬರ್ನಿಲ್ಲ. ಇವ್ಳು ಮಲಿಕ್ಕೊಂಡ್ರೆ ಅದು ಎದ್ದು ಕುಣೀತದೆ. ಇವ್ಳು ಎದ್ದು ಓಡಾಡೋ ಅಷ್ಟೊತ್ಗೆ ಅದು ಬಾಡ್ಕೋತದೆ. ದಿಟವಾಗ್ಲೂ. ಯಾರೋ ಮಾಡ್ಸವ್ರೆ ಅಂತ ನಾನು ಏಳ್ದೆ, ಯಜಮಾನ್ರು ಬೈದ್ರು."

"ನೀನು ದಿನಾ ಬರ್ತೀಯೇನಮ್ಮ?"

"ತಿಂಗ್ಳಿಗೊಂದು ಗುರುವಾರ ಬರ್ಬ್ಯಾಡ ಅಂತಾರೆ, ಪೂಜೆ ಐತೆ ಅಂತವ. ಶುಕ್ರವಾರ ಬಂದು ನೋಡುದ್ರೆ ಬಚ್ಚಲೊಲೇಲಿ ಪ್ಲಾಸ್ಟಿಕ್ಕು ಸುಟ್ಟು ಅಂಟ್ಕೊಂಡಿರ್ತದೆ. ಕೆರ್ದು ಕೆರ್ದು ನನ್ ಉಗ್ರು ಓಯ್ತು. ದೀಪಾವಳಿ ಮುಂಚಿನ ಗುರುವಾರಾನೂ ಅಂಗೇ. ಹಂಸಮ್ಮ ಸಾಯೋ ದಿನಾನೂ ಅಂಗೇ ಕಣ."

ಅಲ್ಲಿಂದ ಠಾಣೆ. ಕಾಂಪೌಂಡರ್ ಗೌರೀಶಂಕರನಿಗೆ ಅರವತ್ತರ ಮೇಲಾಗಿತ್ತು. ಕೊಟ್ಟ ನೀರಿನ ಲೋಟ ಅವನ ಕೈಯಲ್ಲಿ ಗಡಗಡ ಎಂದಿತು. ಹೆದರಿಕೆಯಲ್ಲ, ಆರು ವರ್ಷದಿಂದ ಇರುವ ನಡುಕ.

"ಮೊಣಕೈ ನರ ಕಲ್ಲಾಗಿತ್ತು ತಾಯಿ, ಸೂಜಿ ಇಳೀಲಿಲ್ಲ. ಮುಂಗೈಗೆ ಹಾಕೋಕೇ ನಾಲ್ಕು ಸಲ ಚುಚ್ಚಿದೆ. ಏನಾಗಿದೆಯಮ್ಮ ಕೈಗೆ ಅಂತ ಕೇಳಿದೆ. ಹೇಳಲ್ಲ, ದೇವರ ಮುಂದೆ ಮಾತು ಕೊಟ್ಟಿದೀನಿ ಅಂದಳು."

ಮುರಳೀಕೃಷ್ಣ ಅರಕಲಗೂಡಿನ ಬ್ಯಾಂಕೊಂದರಲ್ಲಿ ಗುಮಾಸ್ತ. ಶನಿವಾರ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವವನು. ಹಾಜರಿ ಪುಸ್ತಕ ತೆಗೆಸಿ ತಿಮ್ಮಪ್ಪ ನೋಡಿದರು. ದೀಪಾವಳಿಯ ಹಿಂದಿನ ಗುರುವಾರವೂ, ಹಂಸ ಸತ್ತ ಗುರುವಾರವೂ ಅವನ ಸಹಿ ಇತ್ತು. ಸೋತ ಮುಖದ, ಮೆದು ಮಾತಿನ ಮನುಷ್ಯ.

"ನನಗೂ ಹತ್ತು ವರ್ಷದಿಂದ ರಕ್ತ ಕಡಿಮೆ ಮೇಡಂ," ಎಂದ. "ಎಷ್ಟು ಗುಳಿಗೆ ನುಂಗಿದರೂ ಏರಲ್ಲ."

"ಹಾಗಾದರೆ ಸ್ವಲ್ಪ ರಕ್ತ ಕೊಡಿ, ನೋಡೋಣ," ಎಂದರು ವೇದವತಿ. ದೇವರಾಜ್ ಸೂಜಿ ಹಾಕಿದ. ಮುರಳೀಕೃಷ್ಣ ಬಾಟಲಿಗೆ ಇಳಿಯುವ ರಕ್ತವನ್ನು ಕಣ್ಣು ಮಿಟುಕಿಸದೆ ನೋಡಿದ. ಹೊಸಬರು ಸಾಮಾನ್ಯವಾಗಿ ಮುಖ ತಿರುಗಿಸುತ್ತಾರೆ ಎಂದು ದೇವರಾಜನಿಗೆ ಅನ್ನಿಸಿತು.

ಹಾಸನಕ್ಕೆ ಬಂದು ಯಂತ್ರಕ್ಕೆ ಹಾಕಿದಾಗ ಬಂದ ಅಂಕಿ ಹೀಗಿತ್ತು: ಹಿಮೋಗ್ಲೋಬಿನ್ ಹನ್ನೊಂದೂ ಮುಕ್ಕಾಲು, ಕಣದ ಗಾತ್ರ ಅರವತ್ತಮೂರು, ಕೆಂಪು ಕಣಗಳ ಸಂಖ್ಯೆ ಅರವತ್ತೆರಡು ಲಕ್ಷ. ವೇದವತಿಯವರು ಒಮ್ಮೆ ನೋಡಿ ಕನ್ನಡಕ ತೆಗೆದರು. ಆಮೇಲೆ ಹಂಸಳ ರಕ್ತ ಸವರಿಟ್ಟಿದ್ದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ಕೂತರು.

"ಭಾನುವಾರ ಎಲ್ಲರನ್ನೂ ಆ ಮನೇಲಿ ಸೇರಿಸೋಕೆ ತಿಮ್ಮಪ್ಪನವರಿಗೆ ಹೇಳು," ಎಂದರು ಕೊನೆಗೆ. "ತಾಯಿಯನ್ನೂ ಕರೆಸಲಿ. ಕೇಳೋ ಹಕ್ಕು ಆಕೆಗಿದೆ."

ಡಿಸೆಂಬರ್ ಇಪ್ಪತ್ತಾರರ ಬೆಳಿಗ್ಗೆ ಹತ್ತಕ್ಕೆ ಪಡಸಾಲೆ ತುಂಬಿತ್ತು. ಜಮಖಾನದ ಮೇಲೆ ಸಂಪತ್ಕುಮಾರರು, ಪಕ್ಕದಲ್ಲಿ ಮುರಳೀಕೃಷ್ಣ. ಕಂಬಕ್ಕೆ ಒರಗಿ ನಾಗಲಕ್ಷಮ್ಮ. ಪೇದೆಯ ಜೊತೆ ನಡುಗುತ್ತಾ ಗೌರೀಶಂಕರ. ಬಾಗಿಲಲ್ಲಿ ಸುಬ್ಬಮ್ಮ. ಮಗುವನ್ನು ಪಕ್ಕದ ಮನೆಗೆ ಕಳಿಸಿದ್ದರು.

"ಹಂಸಳ ರಕ್ತ ಕಡಿಮೆಯಾಗಿತ್ತು, ಅದಕ್ಕೇ ಸತ್ತಳು ಅಂತ ಎಲ್ಲರೂ ಹೇಳ್ತೀರಿ," ಎಂದು ವೇದವತಿಯವರು ಶುರು ಮಾಡಿದರು. "ಸರಿ. ಒಂದು ಮನೆಯ ಕಣಜದಲ್ಲಿ ಭತ್ತ ಇಲ್ಲ ಅನ್ನಿ. ಯಾಕಿಲ್ಲ? ಒಂದೋ ಬೆಳೆಯೇ ಬರಲಿಲ್ಲ. ಇಲ್ಲಾ ಬಂದದ್ದು ಕಣಜದಲ್ಲೇ ಹಾಳಾಯಿತು. ಎರಡೂ ಅಲ್ಲ ಅಂದರೆ ಯಾರೋ ಹೊತ್ತುಕೊಂಡು ಹೋದರು. ಬರೀ ಖಾಲಿ ಕಣಜ ನೋಡಿದರೆ ಇದು ಗೊತ್ತಾಗಲ್ಲ. ಕಾಳನ್ನ ಹತ್ತಿರದಿಂದ ನೋಡಬೇಕು."

"ಅದೆಂಗೆ ಗೊತ್ತಾಯ್ತದೆ ಮೇಡಮ್ಮೋರೆ?" ಎಂದರು ತಿಮ್ಮಪ್ಪ.

"ಕಬ್ಬಿಣದ ಕೊರತೆಯಾದರೆ ಕೆಂಪು ಕಣ ಸಣ್ಣಗಾಗುತ್ತೆ, ಬಿಳಿಚಿಕೊಳ್ಳುತ್ತೆ. ಹಂಸಳದ್ದು ತೊಂಬತ್ತನಾಲ್ಕು ಗಾತ್ರ. ಸಣ್ಣದಲ್ಲ. ಗುಳಿಗೆ ಅವಳ ಮೈಗೆ ಚೆನ್ನಾಗಿಯೇ ಹತ್ತಿತ್ತು. ಬಿ ಹನ್ನೆರಡು ವಿಟಮಿನ್ ಇಲ್ಲದಿದ್ದರೆ ಕಣ ಊದಿ ಮೊಟ್ಟೆಯ ಹಾಗಾಗುತ್ತೆ, ಹೊಸ ಕಣ ಹುಟ್ಟೋದೇ ನಿಂತುಹೋಗುತ್ತೆ. ಇವಳಲ್ಲಿ ನೂರು ಕಣಕ್ಕೆ ಹನ್ನೊಂದು ಎಳೆಯವು. ನಿಮಗೆ, ನನಗೆ ಇರೋದು ಒಂದೋ ಎರಡೋ. ಅಂದರೆ ಬೆಳೆ ಹುಲುಸಾಗಿ ಬರ್ತಿತ್ತು. ಮೂಳೆಯ ಮಜ್ಜೆ ಹಗಲೂ ರಾತ್ರಿ ದುಡೀತಿತ್ತು."

"ಹಾಗಾದರೆ ಒಳಗೇ ಒಡೆದು ಹೋಗಿರಬಹುದಲ್ಲ?" ಎಂದರು ಸಂಪತ್ಕುಮಾರರು ಶಾಂತವಾಗಿ.

"ಒಳ್ಳೆ ಪ್ರಶ್ನೆ. ಕಣ ಒಳಗೇ ಒಡೆದರೆ ಅದರ ಹಳದಿ ರಕ್ತದಲ್ಲಿ ಉಳಿಯುತ್ತೆ, ಕಣ್ಣು ಕಾಮಾಲೆಯಾಗುತ್ತೆ. ಆ ಹಳದಿ, ಬಿಲಿರುಬಿನ್, ಅವಳಲ್ಲಿ ಬರೀ ಪಾಯಿಂಟ್ ಆರು. ಒಡೆದ ಚೂರು ಒಂದೂ ಗಾಜಿನ ಮೇಲಿಲ್ಲ. ಗುಲ್ಮ ಊದಿಲ್ಲ. ಹಾಳಾಗಲಿಲ್ಲ. ಉಳಿದದ್ದು ಒಂದೇ. ಹೊರಗೆ ಹೋಯಿತು. ಎಲ್ಲಿಂದ? ಹೊಟ್ಟೆ ಕರುಳಲ್ಲಿ ಹುಣ್ಣಿಲ್ಲ. ಮೂರು ತಿಂಗಳ ಬಸುರಿ, ಮುಟ್ಟು ನಿಂತಿತ್ತು. ಉಳಿದ ದಾರಿ ಎಡ ಮೊಣಕೈ."

ಎಲ್ಲರ ಕಣ್ಣೂ ಗೌರೀಶಂಕರನ ಕಡೆ ತಿರುಗಿತು.

"ಅವರ ಕೈ ನೋಡಿ," ಎಂದರು ವೇದವತಿ. "ಆ ಕೈಗೆ ಒಂದೇ ಜಾಗದಲ್ಲಿ ಒಂದೂವರೆ ವರ್ಷ ದಪ್ಪ ಸೂಜಿ ಹಾಕೋಕೆ ಆಗುತ್ತಾ? ಇನ್ನೊಂದು ವಿಷಯ. ರಕ್ತ ಹೋದ ಐದಾರು ದಿನಕ್ಕೆ ಎಳೆಯ ಕಣಗಳು ಈ ಪಾಟಿ ಏರುತ್ತವೆ. ಅವಳು ನಮ್ಮಲ್ಲಿಗೆ ಬಂದದ್ದು ನವೆಂಬರ್ ಒಂಬತ್ತು, ಮಂಗಳವಾರ. ಐದು ದಿನ ಹಿಂದೆ ಹೋದರೆ ನಾಲ್ಕನೇ ತಾರೀಕು, ಗುರುವಾರ. ಸುಬ್ಬಮ್ಮನಿಗೆ ರಜೆ ಇದ್ದ ದಿನ. ಒಲೆಯಲ್ಲಿ ಪ್ಲಾಸ್ಟಿಕ್ ಸುಟ್ಟ ದಿನ. ಅಲ್ಲಿಂದ ಸರಿಯಾಗಿ ನಾಲ್ಕು ವಾರಕ್ಕೆ ಡಿಸೆಂಬರ್ ಎರಡು. ಮುರಳೀಕೃಷ್ಣ ಎರಡು ದಿನವೂ ಅರಕಲಗೂಡಲ್ಲಿದ್ದರು."

ಮುರಳೀಕೃಷ್ಣ ತಲೆ ತಗ್ಗಿಸಿದ.

"ನಾಲ್ಕು ವಾರಕ್ಕೊಮ್ಮೆ ರಕ್ತ ಯಾರಿಗೆ ಬೇಕು? ಅದನ್ನ ಹೇಳಿದ್ದು ನಿಮ್ಮ ರಕ್ತ ಮುರಳೀಕೃಷ್ಣ. ನಿಮ್ಮ ಕಣವೂ ಸಣ್ಣದು. ಅದನ್ನ ನೋಡಿಯೇ ಹತ್ತು ವರ್ಷ ಗುಳಿಗೆ ಕೊಟ್ಟರು. ಆದರೆ ಕಬ್ಬಿಣ ಇಲ್ಲದವನಿಗೆ ಕಣದ ಸಂಖ್ಯೆಯೂ ಇಳಿಯುತ್ತೆ. ನಿಮಗೆ ಅರವತ್ತೆರಡು ಲಕ್ಷ, ಆರೋಗ್ಯವಂತನಿಗಿಂತ ಜಾಸ್ತಿ. ಅರವತ್ತೆರಡು ಲಕ್ಷ ಅಂದರೆ ಆರು ಪಾಯಿಂಟ್ ಎರಡು ಮಿಲಿಯನ್; ಗಾತ್ರ ಅರವತ್ತಮೂರನ್ನ ಅದರಿಂದ ಭಾಗಿಸಿದರೆ ಹತ್ತು ಬರುತ್ತೆ. ಹದಿಮೂರಕ್ಕಿಂತ ಕೆಳಗೆ ಬಂದರೆ ಅನುಮಾನ ಹೋಗೋದು ಥಲಸ್ಸೀಮಿಯಾದ ಕಡೆಗೆ. ವಂಶದಲ್ಲಿ ಬರೋದು ಅದು. ಒಂದು ಕಡೆಯಿಂದ ಬಂದರೆ ಬರೀ ಸುಸ್ತು. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ, ಆ ಮಗು ಬೇರೆಯವರ ರಕ್ತದಲ್ಲೇ ಬದುಕಬೇಕು. ನಿಮ್ಮ ಮೊದಲ ಹೆಂಡತಿ ನಿಮ್ಮ ಸೋದರತ್ತೆಯ ಮಗಳು. ಸಂಹಿತಾಳ ಹಣೆ, ಹೊಟ್ಟೆ ನಾನು ನೋಡಿದೆ. ಅದು ಜಂತುಹುಳ ಅಲ್ಲ."

"ಅಯ್ಯೋ ನನ್ ತಾಯಿ," ಎಂದು ಸುಬ್ಬಮ್ಮ ಬಾಗಿಲಲ್ಲೇ ಕುಸಿದಳು.

"ಹೋದ ವರ್ಷದ ಆರಂಭದವರೆಗೆ ಮೈಸೂರಲ್ಲಿ ದುಡ್ಡಿಗೆ ರಕ್ತ ಕೊಡೋರು ಸಿಗ್ತಿದ್ದರು. ಕೋರ್ಟು ಅದನ್ನ ನಿಲ್ಲಿಸಿತು. ಆ ಮಾರ್ಚಿನಲ್ಲೇ ಈ ಮನೆಯವರು ಬಡವರ ಮನೆ ಹುಡುಗಿಯ ಜಾತಕದ ಜೊತೆ ರಕ್ತದ ಗುಂಪು ಕೇಳಿದರು. ನಮ್ಮ ರಿಜಿಸ್ಟರಿನಲ್ಲೇ ಇದೆ. ಹಂಸ, ಬಿ ನೆಗೆಟಿವ್, ಹಿಮೋಗ್ಲೋಬಿನ್ ಹನ್ನೆರಡು ಪಾಯಿಂಟ್ ಎಂಟು. ಮಗುವಿಗೆ ಒಗ್ಗೋ ಅಪರೂಪದ ಗುಂಪು, ಅದನ್ನ ನೋಡಿ ಲಗ್ನ ಗೊತ್ತು ಮಾಡಿದರು. ಸಂಪತ್ಕುಮಾರರೇ, ಆ ಫ್ರಿಜ್ಜಿನ ಬೀಗ ತೆಗೀರಿ."

ಅವರು ಅಲುಗಲಿಲ್ಲ. ತಿಮ್ಮಪ್ಪನವರೇ ಹೋಗಿ ಜನಿವಾರದಿಂದ ಬೀಗದ ಕೈ ಬಿಚ್ಚಿಕೊಂಡರು. ಲಸಿಕೆಯ ಸೀಸೆಗಳ ಹಿಂದೆ ಬಟ್ಟೆ ಸುತ್ತಿದ ಎರಡು ಚೀಲಗಳಿದ್ದವು. ಕಪ್ಪುಗೆಂಪು, ತುಂಬಿದವು. ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಹಂಸ, ೨-೧೨.

ವೇದವತಿಯವರು ಎರಡನ್ನೂ ದೇವರಾಜನ ಕೈಗೆ ಕೊಟ್ಟರು. "ಬಚ್ಚಲಿಗೆ ಸುರಿದುಬಿಡು."

ದೇವರಾಜ್ ದಿಗಿಲಾಗಿ ಅವರ ಮುಖ ನೋಡಿದ. ಅಷ್ಟರಲ್ಲಿ ಮುರಳೀಕೃಷ್ಣ ಎದ್ದು ನುಗ್ಗಿ ಅವನ ರಟ್ಟೆ ಹಿಡಿದಿದ್ದ.

"ಬೇಡ! ಮೂವತ್ತನೇ ತಾರೀಕು ಮಗೂಗೆ ಬೇಕು ಅದು! ಇನ್ನೆಲ್ಲೂ ಸಿಗಲ್ಲ!"

ಹೇಳಿದ್ದೇನೆಂದು ಅವನಿಗೆ ಅರಿವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಿಮ್ಮಪ್ಪ ಚೀಲಗಳನ್ನು ತೆಗೆದುಕೊಂಡು ಪೇದೆಯ ಕೈಗಿತ್ತರು. ಸುರಿಯುವ ಉದ್ದೇಶ ವೇದವತಿಯವರಿಗೆ ಎಂದೂ ಇರಲಿಲ್ಲ.

"ಚುಚ್ಚಿದ ಕೈ ಯಾರದು ಅಂತ ಮೊದಲೇ ಗೊತ್ತಿತ್ತು," ಎಂದರು ಅವರು. "ಕರುವಿಗೂ ತಿಳಿಯದ ಹಾಗೆ ಸೂಜಿ ಹಾಕೋ ಕೈ. ಅದು ಗೊತ್ತಿದ್ದೂ ಮೂವತ್ತನೇ ತಾರೀಕು ಎಣಿಸಿಕೊಂಡು ಕೂತವರು ಯಾರು ಅನ್ನೋದೊಂದು ತಿಳೀಬೇಕಿತ್ತು."

ಸಂಪತ್ಕುಮಾರರು ಧೋತ್ರದ ಅಂಚು ಸರಿಮಾಡಿಕೊಂಡರು. ಮಾತಾಡಿದಾಗ ದನಿ ನಡುಗಲಿಲ್ಲ.

"ಮೊದಲು ಅವಳೇ ಕೈ ಚಾಚಿದಳು. ಮಗು ಅಂದರೆ ಪ್ರಾಣ ಅವಳಿಗೆ. ಯಾರಿಗೂ ಹೇಳಲ್ಲ ಅಂತ ನರಸಿಂಹಸ್ವಾಮಿ ಮುಂದೆ ಆಣೆ ಹಾಕಿಸಿದೆ. ಊರಿಗೆ ಗೊತ್ತಾದರೆ ನಮ್ಮ ವಂಶದ ಮಾತು ಬರುತ್ತಲ್ಲ. ಹಾಲು ಕರೆಯೋ ಹಸೂಗೆ ಹಿಂಡಿ ಹಾಕದೆ ಇರ್ತೀವಾ? ಚೆನ್ನಾಗೇ ನೋಡಿಕೊಂಡೆ."

ನಾಗಲಕ್ಷಮ್ಮ ಕಣ್ಣು ಮುಚ್ಚಿಕೊಂಡರು.

"ನವೆಂಬರಿನಲ್ಲಿ ಬಸುರಿ ಅಂದಳು. ಇನ್ನು ಆಗಲ್ಲ ಮಾವ, ಅಮ್ಮನ ಮನೆಗೆ ಹೋಗ್ತೀನಿ ಅಂದಳು. ಹೋದರೆ ಒಂದು ವರ್ಷ ಬರಲ್ಲ. ಅಲ್ಲಿವರೆಗೆ ಈ ಮಗು ಬದುಕುತ್ತಾ? ಹಾಲಿನಲ್ಲಿ ನಿದ್ದೆ ಗುಳಿಗೆ ಹಾಕಿದೆ. ಒಂದು ಚೀಲ ಮಗೂಗೆ ಹಾಕಿ, ಎರಡು ಎತ್ತಿಟ್ಟೆ. ಎರಡನೆಯದು ಅರ್ಧ ಆದಾಗಲೇ ಅವಳ ಕೈ ತಣ್ಣಗಾಯಿತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕಾಂಪೌಂಡರ್ ಡ್ರಿಪ್ ಹಾಕಿದ್ದು ನೆನಪಿತ್ತು."

"ನಿಮ್ಮ ಮಗನಿಗೂ ಅವರ ಮೊದಲ ಹೆಂಡತಿಗೂ ಆ ರೋಗ ಒಂದೇ ಕಡೆಯಿಂದ ಬಂದಿರಬೇಕು ಸಂಪತ್ಕುಮಾರರೇ," ಎಂದರು ವೇದವತಿ. "ನಿಮ್ಮಿಂದ ಮಗನಿಗೆ, ನಿಮ್ಮ ತಂಗಿಯಿಂದ ಅವಳಿಗೆ. ನಿಮ್ಮ ವಂಶದ ಸಾಲವನ್ನ ಅಡಿಗೆಯವರ ಮಗಳ ಮೈಯಿಂದ ತೀರಿಸಿದಿರಿ. ಇನ್ನೆಲ್ಲೂ ಸಿಗಲ್ಲ ಅಂದರು ನಿಮ್ಮ ಮಗ; ಬಿ ನೆಗೆಟಿವ್ ಇರೋರಿಗೆ ನಿನ್ನೆಯೇ ರಿಜಿಸ್ಟರ್ ತಿರುವಿ ನಾನೂ ದೇವರಾಜೂ ಫೋನ್ ಮಾಡಿದ್ವಿ. ಅರಕಲಗೂಡಿನ ಒಬ್ಬ ಬಸ್ ಕಂಡಕ್ಟರು ಮೂವತ್ತನೇ ತಾರೀಕು ಬರ್ತಾನೆ. ಇನ್ನೂ ಆರು ಜನ ಒಪ್ಪಿದಾರೆ. ಅರ್ಧ ದಿನದ ಕೆಲಸ."

ಅದುವರೆಗೆ ನೆಟ್ಟಗೆ ಕೂತಿದ್ದ ಸಂಪತ್ಕುಮಾರರ ಬೆನ್ನು ಆಗ ಬಾಗಿತು.

ನಾಗಲಕ್ಷಮ್ಮ ಎದ್ದು ಪೇದೆಯ ಬಳಿ ಬಂದರು. "ಒಂದ್ಸಲ ಕೊಡಪ್ಪ," ಎಂದು ಕೈ ಚಾಚಿದರು. ತಿಮ್ಮಪ್ಪ ತಲೆಯಾಡಿಸಿದ ಮೇಲೆ ಅವನು ಒಂದು ಚೀಲವನ್ನು ಅವರ ಅಂಗೈ ಮೇಲಿಟ್ಟ. ಅವರು ಅದನ್ನು ಎದೆಗಾನಿಸ ಹೋಗಿ ಬೆಚ್ಚಿದರು. "ಎಷ್ಟು ತಣ್ಣಗಿದೆ," ಎಂದರು.

ಸಂಪತ್ಕುಮಾರರು ವಿಚಾರಣೆ ಮುಗಿಯುವ ಮುಂಚೆಯೇ ಜೈಲಿನಲ್ಲಿ ತೀರಿಕೊಂಡರು. ಮುರಳೀಕೃಷ್ಣನಿಗೆ ಏಳು ವರ್ಷ ಸಜೆಯಾಯಿತು. ಬಿಡುಗಡೆಯಾದ ಗೌರೀಶಂಕರನ ಬಾಗಿಲಿಗೆ ಒಬ್ಬ ರೋಗಿಯೂ ಮತ್ತೆ ಬರಲಿಲ್ಲ. ಸಂಹಿತಾಳನ್ನು ಚನ್ನರಾಯಪಟ್ಟಣದ ಅಜ್ಜಿ ಕರೆದುಕೊಂಡು ಹೋದರು. ನಾಲ್ಕು ವಾರಕ್ಕೊಮ್ಮೆ, ಗುರುವಾರ, ರಕ್ತ ಹಾಕಿಸಲು ಹಾಸನಕ್ಕೆ ತರುತ್ತಿದ್ದರು. ಮೊದಲು ಪರೀಕ್ಷೆಗೆಂದು ಸಂತೇಪೇಟೆಯ ಲ್ಯಾಬಿಗೆ ಬರುತ್ತಿದ್ದರು.

ಆ ಭಾನುವಾರದ ಮರುತಿಂಗಳು, ಜನವರಿಯ ಗುರುವಾರ, ದೇವರಾಜ್ ಬಾಗಿಲು ತೆಗೆಯುವ ಹೊತ್ತಿಗೆ ನಾಗಲಕ್ಷಮ್ಮ ಬೆಂಚಿನ ಮೇಲೆ ಕೂತಿದ್ದರು. ರಾಮನಾಥಪುರದಿಂದ ಮೊದಲ ಬಸ್ಸಿಗೆ ಬಂದಿದ್ದರು.

"ಒಂದು ಮಾತು ಕೇಳಬೇಕಪ್ಪ," ಎಂದರು. "ಹಂಸ ಹೋದ ದಿನ ಮಗೂಗೆ ಹಾಕಿದರಲ್ಲ, ಅದು ಅದರ ಮೈಯಲ್ಲಿ ಎಷ್ಟು ದಿನ ಇರತ್ತೆ?"

ಈ ಸಲ ದೇವರಾಜ್ ಹಿಂದೆ ಕಾಯುತ್ತಿದ್ದವರ ಕಡೆ ನೋಡಲಿಲ್ಲ. ಅವರ ಎದುರು ಸ್ಟೂಲು ಎಳೆದುಕೊಂಡು ಕೂತ. "ಒಂದು ಕಣ ಹೆಚ್ಚು ಅಂದ್ರೆ ನೂರಿಪ್ಪತ್ತು ದಿನ ಬದುಕ್ತದಮ್ಮ. ದಿನಾ ಒಂದಿಷ್ಟು ಸಾಯ್ತವೆ. ಮಾರ್ಚ್ ಕೊನೆಗೆ ಎಲ್ಲಾ ಮುಗೀತದೆ."

ಆಕೆ ಬೆರಳು ಮಡಿಸಿ ಎಣಿಸಿಕೊಂಡರು. ಮಗು ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು, ಅದರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಫೆಬ್ರವರಿಯಲ್ಲಿಯೂ ಬಂದರು. ಮಾರ್ಚ್ ಇಪ್ಪತ್ತಮೂರಕ್ಕೂ ಬಂದರು. ಅವತ್ತು ಮಾತ್ರ ಬಹಳ ಹೊತ್ತು ಕೈ ಬಿಡಲಿಲ್ಲ. ಹೊರಡುವ ಮುನ್ನ ಮಗುವಿನ ಬೆರಳ ತುದಿಗಳನ್ನು ಒಂದೊಂದಾಗಿ ಕಣ್ಣಿಗೊತ್ತಿಕೊಂಡರು.

ಏಪ್ರಿಲ್ ಇಪ್ಪತ್ತರ ಗುರುವಾರ ಸಂಹಿತಾ ಬೆಂಚಿನ ತುದಿಯಲ್ಲಿ ಜಾಗ ಬಿಟ್ಟು ಕೂತು ರಸ್ತೆ ನೋಡುತ್ತಿದ್ದಳು. ರಾಮನಾಥಪುರದ ಕಡೆಯ ಬಸ್ಸು ಬಂದು ಜನರನ್ನು ಇಳಿಸಿ ಹೋಯಿತು.

"ಆ ಅಜ್ಜಿ ಇವತ್ತು ಬರಲ್ವಾ ಅಂಕಲ್?"

"ಇಲ್ಲ ಪುಟ್ಟ," ಎಂದು ದೇವರಾಜ್ ಅವಳ ತೋಳಿಗೆ ಪಟ್ಟಿ ಬಿಗಿದ.